ಸೆಲ್ವಿಯ ಪರವಾಗಿ ನಾನಾಡಿದ ಮಾತು

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಫೋನು ಟಿಂಗ್ ಎಂದಿತು. ಒಬ್ಬರೇ ಇರುವವರಿಗೆ ಇದೊಂದು ಕಾಯಿಲೆ, ಫೋನು ಸದ್ದು ಮಾಡಿದರೆ ಸಾಕು, ಕೈಯಲ್ಲಿರುವುದನ್ನು ಬಿಟ್ಟು ಓಡುತ್ತೇವೆ. ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ನೋಡಿದರೆ, ಫೋನ್ ಕಂಪನಿಯವರು: ನಿಮ್ಮ ವ್ಯಾಲಿಡಿಟಿ ನಾಳೆ ಮುಗಿಯುತ್ತದೆ.

ನಿಮಗೂ ಈ ಸಂದೇಶ ಬರುತ್ತಿರಬೇಕು. ರೀಚಾರ್ಜ್ ಮಾಡಿಸಿ ಮರೆತುಬಿಡುತ್ತೀರಿ. ನಾನೂ ಹಾಗೇ ಇದ್ದೆ. ರೀಚಾರ್ಜ್ ಆಗದ ಫೋನಿಗೆ ಕೆಲವು ದಿನಗಳ ಮೇಲೆ ಹೊರಗಿನ ಕರೆಗಳು ಬರುವುದೂ ನಿಂತುಹೋಗುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಸೆಲ್ವಿಯಿಂದ. ಸೆಲ್ವಿ ಎಂಬುದು ನಾನಿಟ್ಟ ಹೆಸರು. ನಿಜವಾದ ಹೆಸರು ಬೇರೆ, ಅದು ನಿಮಗೆ ಬೇಕಾಗಿಲ್ಲ.

ನಾನಿರುವುದು ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಬಾಡಿಗೆಗೆ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಅಮ್ಮ ಇದ್ದಳು. ಅವಳು ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗತೊಡಗಿದವು. ಕೆಳಗೆ ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ಹಾಸುವ ಸದ್ದು, ಗಿರಾಕಿಗಳ ಚೌಕಾಸಿ, ಮಾಲೀಕರ ನಗು ಎಲ್ಲವೂ ಕೇಳಿಸುತ್ತಿತ್ತು. ಅಷ್ಟು ಮಾತಿನಲ್ಲಿ ನನ್ನೊಡನೆ ಆಡಿದ್ದು ಒಂದೂ ಇರುತ್ತಿರಲಿಲ್ಲ. ತರಕಾರಿಯವನ ಹತ್ತಿರ ಬೇಡದಿದ್ದರೂ ಬೀನ್ಸಿನ ಬೆಲೆ ಕೇಳುವ ಅಭ್ಯಾಸ ನನಗೆ ಹತ್ತಿದ್ದು ಆಗಲೇ.

ಪಕ್ಕದ ಬೀದಿಯಲ್ಲೊಂದು ಸಣ್ಣ ಟ್ರಸ್ಟ್ ಇತ್ತು. ಕೆಲಸವಿಲ್ಲದ ಹೆಂಗಸರಿಗೆ ಮೂರು ತಿಂಗಳು ರೋಗಿಗಳ ಆರೈಕೆ ಕಲಿಸಿ, ಸರ್ಟಿಫಿಕೇಟ್ ಕೊಟ್ಟು, ನರ್ಸಿಂಗ್ ಹೋಮುಗಳಿಗೆ ಅರ್ಜಿ ಹಾಕಿಸುತ್ತಿದ್ದರು. ಅದರ ಕಾರ್ಯದರ್ಶಿ ವಾಮನಮೂರ್ತಿಗಳು ನಿವೃತ್ತ ಹೆಡ್‌ಮಾಸ್ಟರು. ಅರ್ಜಿ ತುಂಬಿಕೊಡಲು ಯಾರಾದರೂ ಬೇಕು ಎಂದು ಅವರು ಹೇಳಿದ್ದೇ ತಡ, ನಾನು ಹೋಗಿ ಕುಳಿತೆ. ಸಮಾಜಸೇವೆ ಎಂದು ಎಲ್ಲರಿಗೂ ಹೇಳಿದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಎದುರಿಗೊಬ್ಬರು ಮನುಷ್ಯರು ಇರುತ್ತಾರೆ ಎನ್ನುವುದು ನಿಜವಾದ ಕಾರಣ.

ಸೆಲ್ವಿ ನಮ್ಮೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಭದ್ರಾವತಿಯವಳು. ನ್ಯೂ ಟೌನಿನ ಆಚೆ ಸಾಲುಮನೆಯಲ್ಲಿ ವಾಸ. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು, ಜೊತೆಯಲ್ಲಿ ನಾದಿನಿ. ಒಂದು ಕ್ಯಾಂಟೀನಿನಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದಳು. ಗುತ್ತಿಗೆ ಮುಗಿದ ದಿನ ಕೆಲಸವೂ ಮುಗಿದಿತ್ತು. ಮೂರು ತಿಂಗಳೂ ಒಂದು ದಿನ ತಪ್ಪಿಸದೆ ಬಸ್ಸಿನಲ್ಲಿ ಬಂದು ಕಲಿತಳು. ಪರೀಕ್ಷೆ ಮಾಡಿದ ಡಾಕ್ಟರು, ಹಾಸಿಗೆಯಲ್ಲಿರುವ ರೋಗಿಯನ್ನು ಹೊರಳಿಸುವುದನ್ನು ಇವಳಿಂದ ನೋಡಿ ಕಲಿಯಿರಿ ಎಂದು ಉಳಿದವರಿಗೆ ಹೇಳಿದ್ದರು. ಆದರೂ ಎರಡು ತಿಂಗಳಾಗಿತ್ತು, ಯಾವ ಅರ್ಜಿಗೂ ಉತ್ತರವಿಲ್ಲ.

ಒಂದು ದಿನ ನಾನೇ ಒಂದು ನರ್ಸಿಂಗ್ ಹೋಮಿಗೆ ಫೋನ್ ಮಾಡಿ ವಿಚಾರಿಸಿದೆ. "ಮೂರು ಸಲ ಮಾಡಿದ್ವಿ ಮೇಡಂ, ಹೋಗ್ತಾನೇ ಇಲ್ಲ. ಬೇರೆಯವರನ್ನ ತಗೊಂಡ್ವಿ," ಎಂದರು.

ಎದುರಿಗೆ ಕುಳಿತಿದ್ದ ಸೆಲ್ವಿಗೆ ಅದನ್ನು ಹೇಳಿದಾಗ ತಲೆ ತಗ್ಗಿಸಿದಳು. "ರೀಚಾರ್ಜ್ ಮಾಡ್ಸಿಲ್ಲ ಮೇಡಂ. ಬಸ್ ಚಾರ್ಜಿಗೆ ಬೇಕಲ್ಲ. ಇನ್‌ಕಮಿಂಗ್ ಬರುತ್ತೆ ಅಂದ್ಕೊಂಡಿದ್ದೆ, ಅದೂ ಕಟ್ ಮಾಡಿಬಿಟ್ಟಿದಾರೆ."

ಕೆಲಸ ಸಿಕ್ಕರೆ ಫೋನು, ಫೋನಿದ್ದರೆ ಕೆಲಸ. ನನಗೆ ಎಲ್ಲಿಲ್ಲದ ಹುರುಪು ಬಂತು. ಹಿಂದೆ ಪಕ್ಕದ ಮನೆಯವರ ಫೋನ್ ನಂಬರನ್ನು ನಮ್ಮದೆಂದು ಕೊಡುತ್ತಿದ್ದ ಕಾಲವಿತ್ತಲ್ಲ, ನಿಮಗೂ ನೆನಪಿರಬಹುದು. ಹಾಗೆ ಅವಳ ಎಲ್ಲ ಅರ್ಜಿಗಳಲ್ಲೂ ನನ್ನ ನಂಬರು ಬರೆದೆ. ಹಗಲು ಬಂದ ಕರೆಗಳಿಗೆ ನಾನು ಉತ್ತರ ಕೊಡುವುದು, ಸಂಜೆ ಆರರ ಮೇಲೆ ಅವಳ ಪಕ್ಕದ ಮನೆಯ ಮೇರಿಯಮ್ಮ ಕೆಲಸದಿಂದ ಬಂದಾಗ ಅವರ ಫೋನಿಗೆ ಸುದ್ದಿ ಮುಟ್ಟಿಸುವುದು ಎಂದಾಯಿತು.

ಅಂದಿನಿಂದ ನನ್ನ ಫೋನಿಗೆ ಜೀವ ಬಂತು. ದಿನಕ್ಕೊಂದಾದರೂ ಕರೆ. ವಯಸ್ಸೆಷ್ಟು, ರಾತ್ರಿ ಪಾಳಿ ಮಾಡ್ತಾರಾ, ಎಲ್ಲಿಂದ ಬರ್ತಾರೆ? ನಾನು ಸ್ನಾನಕ್ಕೆ ಹೋದರೂ ಫೋನನ್ನು ಬಾಗಿಲ ಪಕ್ಕ ಇಡುತ್ತಿದ್ದೆ. ಸಂಜೆ ಭದ್ರಾವತಿಗೆ ಫೋನ್ ಮಾಡುವಾಗ ಹೇಳಲು ನನ್ನ ಹತ್ತಿರ ಏನಾದರೂ ಇರುತ್ತಿತ್ತು. ಎಷ್ಟೋ ದಿನಗಳಾಗಿದ್ದವು, ಹಾಗೆ.

ಹೀಗಿರುವಾಗ ಒಂದು ಬುಧವಾರ ಒಳ್ಳೆಯ ನರ್ಸಿಂಗ್ ಹೋಮೊಂದರ ಮ್ಯಾನೇಜರು ಫೋನ್ ಮಾಡಿದರು. ನಯವಾದ ಗಂಡಸಿನ ದನಿ, ಅವಸರವಿಲ್ಲದ ಮಾತು. "ಸೆಲ್ವಿ ಅವರ ಬಗ್ಗೆ ಸ್ವಲ್ಪ ಹೇಳಿ ಮೇಡಂ," ಎಂದರು.

ನನ್ನನ್ನು ಯಾರೂ ಯಾವುದರ ಬಗ್ಗೆಯೂ ಹೇಳಿ ಎಂದು ಕೇಳದೆ ಎಷ್ಟು ಕಾಲವಾಗಿತ್ತೋ! ಮಂಚದ ಮೇಲೆ ಕುಳಿತು, ಕಾಲು ಮಡಚಿಕೊಂಡು ಶುರುಮಾಡಿದೆ. ಗಂಡ ಹೋದದ್ದು, ಇಬ್ಬರು ಚಿಕ್ಕ ಮಕ್ಕಳು, ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡದ್ದು, ಪಾಪ, ಒಂದೇ ಫೋನು, ಅದಕ್ಕೂ ರೀಚಾರ್ಜ್ ಇಲ್ಲ, ದಿನಾ ಭದ್ರಾವತಿಯಿಂದ ಬಸ್ಸು, ಬಸ್ಸು ತಪ್ಪಿದರೆ ಅವಳ ಗತಿ. ಅರ್ಧ ಗಂಟೆ ಹೇಳುತ್ತಲೇ ಹೋದೆ. ಅವರು ನಡುನಡುವೆ ಅಯ್ಯೋ, ಛೆ ಎನ್ನುತ್ತಿದ್ದರು. ಕೊನೆಗೆ, "ಆಯ್ತು ಮೇಡಂ, ತಿಳಿಸ್ತೀವಿ," ಎಂದು ಇಟ್ಟರು. ನಾನು ಗೆದ್ದವಳಂತೆ ಕಾಫಿ ಮಾಡಿಕೊಂಡು ಕುಡಿದೆ.

ಸಂಜೆ ಸೆಲ್ವಿಗೆ ಎಲ್ಲವನ್ನೂ ಒಪ್ಪಿಸಿದೆ. "ಮಕ್ಕಳ ವಿಷಯ ಹೇಳಿದ್ರಾ ಮೇಡಂ?" ಎಂದಳು.

"ಹೇಳ್ದೆ. ಅವರಿಗೂ ಪಾಪ ಅನ್ನಿಸ್ತು."

"ಸರಿ ಮೇಡಂ. ಇಡ್ತೀನಿ."

ಶನಿವಾರ ತಿಳಿಯಿತು, ಆ ಕೆಲಸ ಬೇರೆಯವರಿಗೆ ಹೋಗಿತ್ತು. ಕಾರಣ ಕೇಳಿದ್ದಕ್ಕೆ ಮ್ಯಾನೇಜರು ಸಂಕೋಚದಿಂದಲೇ ಹೇಳಿದರು: "ಅಷ್ಟೆಲ್ಲ ತಾಪತ್ರಯ ಇರೋರು ನಾಳೆ ರಜಾ ರಜಾ ಅಂತಾರೆ ಮೇಡಂ. ನಮಗೂ ಕಷ್ಟ ಆಗುತ್ತೆ."

ಮುಂದಿನ ವಾರ ಸೆಲ್ವಿ ಟ್ರಸ್ಟಿಗೆ ಬರಲಿಲ್ಲ. ಮೇರಿಯಮ್ಮನ ಫೋನಿಗೆ ಮಾಡಿದರೆ, ಅವಳಿಲ್ಲ ಎಂಬ ಉತ್ತರ. ಅವಳಿಗೆ ನನ್ನೊಡನೆ ಮಾತಾಡಲು ಇಷ್ಟವಿಲ್ಲ ಎಂದು ಮೂರನೆಯ ಸಂಜೆ ನನಗೆ ಅರ್ಥವಾಯಿತು. ಮರುದಿನ ಭದ್ರಾವತಿಯ ಬಸ್ಸು ಹತ್ತಿದೆ.

ನ್ಯೂ ಟೌನಿನ ಅಗಲ ರಸ್ತೆಗಳನ್ನು, ಬೀಗ ಹಾಕಿದ ಕಾರ್ಖಾನೆ ಕ್ವಾರ್ಟರ್ಸುಗಳನ್ನು ದಾಟಿ ಕೇಳುತ್ತ ಕೇಳುತ್ತ ಹೋದೆ. ಸೆಲ್ವಿ ಹೊಸಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಕುರ್ಚಿ ತಂದು ಹಾಕಿದಳು. ಅವಳ ನಾದಿನಿ ನೀರು ಕೊಟ್ಟು ಒಳಗೆ ಹೋದಳು. ನಾನು ಬಂದದ್ದು ಕ್ಷಮಿಸು ಎನ್ನಲು. ಬಸ್ಸಿನಲ್ಲಿ ಎಷ್ಟು ರಶ್ಶಿತ್ತು ಎಂದು ಹೇಳುತ್ತ ಕುಳಿತೆ.

ಕೊನೆಗೆ ಅವಳೇ ಶುರುಮಾಡಿದಳು. "ನೀವು ಕೆಟ್ಟದಕ್ಕೆ ಹೇಳಿಲ್ಲ, ಗೊತ್ತು ಮೇಡಂ. ಆದ್ರೆ ಕಷ್ಟ ಕೇಳಿದೋರು ಅಯ್ಯೋ ಅಂತಾರೆ, ಕೆಲಸ ಕೊಡಲ್ಲ."

"ಮಕ್ಕಳನ್ನ ಯಾರು ನೋಡ್ಕೋತಾರೆ ಅಂತ ಅವರಿಗೆ ಭಯ," ಎಂದೆ.

"ನಾದಿನಿ ನೋಡ್ಕೋತಾಳೆ. ಅವಳು ಮನೇಲೇ ಬೀಡಿ ಕಟ್ಟೋದು. ನೀವು ಕೇಳ್ಲೇ ಇಲ್ವಲ್ಲ ಮೇಡಂ." ಸೊಪ್ಪಿನ ದಂಟು ಮುರಿಯುತ್ತ ಮುಂದುವರಿಸಿದಳು: "ನಮ್ಮತ್ತೆ ನಾಲ್ಕು ವರ್ಷ ಮಲಗಿದ್ದಲ್ಲೇ ಇದ್ರು. ಬೆನ್ನಲ್ಲಿ ಒಂದೇ ಒಂದು ಹುಣ್ಣಾಗೋಕೆ ಬಿಟ್ಟಿಲ್ಲ ನಾನು. ಅದನ್ನ ನೀವು ಪಾಪ ಅಂತ ಹೇಳಿದ್ರಿ. ಅದು ನನ್ನ ಸರ್ವಿಸ್ ಅಲ್ವಾ?"

ನಾನು ಕಾಲೇಜಿನ ಆಫೀಸಿನಲ್ಲಿ ಎಷ್ಟು ಜನರ ಸರ್ವಿಸ್ ರಿಜಿಸ್ಟರು ಬರೆದಿದ್ದೆನೋ ಲೆಕ್ಕವಿಲ್ಲ. ಆದರೂ ಇದು ಹೊಳೆದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದಾಗ ಒಂದು ಮದುವೆಯ ಮನೆ ನೆನಪಾಯಿತು. ಅಮ್ಮ ಹೋದ ವರ್ಷ ಅದು. ಚಿಕ್ಕಮ್ಮ ನನ್ನನ್ನು ಯಾರಿಗೋ ಪರಿಚಯಿಸುತ್ತ, "ಪಾಪ, ಈಗ ಒಬ್ಬಳೇ ಇರ್ತಾಳೆ," ಎಂದಿದ್ದಳು. ಕಾಲೇಜಿನ ಇಡೀ ಆಫೀಸು ನಡೆಸಿದವಳು ಎಂದಿರಲಿಲ್ಲ. ಆ ಹೆಂಗಸು ನನ್ನ ಕೈ ಸವರಿ, ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅಲ್ಲಿಂದೀಚೆ ನಾನು ಮದುವೆಗಳಿಗೆ ಹೋಗಿಲ್ಲ. ನನಗೆ ಅಷ್ಟು ಚುಚ್ಚಿದ ಮಾತನ್ನೇ ನಾನು ಸೆಲ್ವಿಯ ಮೇಲೆ ಅರ್ಧ ಗಂಟೆ ಸುರಿದಿದ್ದೆ.

ಟ್ರಸ್ಟಿನ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿ, ತರಬೇತಿ ಮುಗಿಸಿದವರಿಗೆ ಮೊದಲ ಸಂಬಳ ಬರುವವರೆಗೆ ಅವರವರ ಫೋನಿಗೆ ನಾವೇ ರೀಚಾರ್ಜ್ ಮಾಡಿಸೋಣ ಎಂದೆ. ವಾಮನಮೂರ್ತಿಗಳು ಹಣೆ ಉಜ್ಜಿಕೊಂಡರು. "ಅಲ್ಲ ಮಾರಾಯ್ರೆ, ಹೊಲಿಗೆ ಮಿಷನ್ ಅಂದ್ರೆ ದಾನಿಗಳು ಬಂದು ಪಕ್ಕ ನಿಂತು ಫೋಟೋ ತೆಗೆಸ್ಕೋತಾರೆ. ರೀಚಾರ್ಜ್ ಪಕ್ಕ ಯಾರು ನಿಲ್ತಾರೆ?"

"ಯಾರೂ ನಿಲ್ಲೋದು ಬೇಡ ಸಾರ್," ಎಂದೆ. ಅವರು ಒಪ್ಪಿದರು. ದೊಡ್ಡ ಮನುಷ್ಯರು. ಅರ್ಜಿಯ ಜೊತೆ ಹೋಗುವ ಪರಿಚಯ ಪತ್ರವನ್ನೂ ಬದಲಿಸಿದೆವು. ಮನೆಯ ಕತೆ ಬೇಡ. ಏನು ಗೊತ್ತು, ಎಷ್ಟು ದಿನ ಮಾಡಿದ್ದಾರೆ ಎನ್ನುವುದನ್ನು ಅವರನ್ನೇ ಕೇಳಿ, ಅವರು ಹೇಳಿದಂತೆ ಬರೆಯುವುದು. ಬರೆದದ್ದನ್ನು ಅವರಿಗೆ ಓದಿ ಹೇಳಿದ ಮೇಲೆಯೇ ಕಳಿಸುವುದು.

ಸೆಲ್ವಿ ಬಂದು ತನ್ನ ಪತ್ರ ಬರೆಸಿದಳು. "ನಾಲ್ಕು ವರ್ಷ ಅನ್ನೋದನ್ನ ಮೊದಲನೇ ಸಾಲಲ್ಲಿ ಹಾಕಿ ಮೇಡಂ," ಎಂದು ಬೆರಳಿಟ್ಟು ತೋರಿಸಿದಳು. ನನ್ನ ನಂಬರು ಹೊಡೆದುಹಾಕಿ ಅವಳದನ್ನು ಬರೆದೆ.

ಆಮೇಲೆ ಕರೆಗಳು ನೇರವಾಗಿ ಅವಳಿಗೇ ಹೋದವು. ವಯಸ್ಸಾದ ರೋಗಿಗಳ ವಾರ್ಡೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನನಗೆ ತಿಳಿದದ್ದು ಎಂಟು ದಿನ ಕಳೆದ ಮೇಲೆ, ಅದೂ ಮೇರಿಯಮ್ಮನಿಂದ. ಸಂತೋಷವಾಯಿತು. ಸಂತೋಷ ಮಾತ್ರ ಆಯಿತು ಎಂದರೆ ನೀವು ನಂಬಬೇಡಿ. ಆ ಸಂಜೆ ಆರು ಗಂಟೆಗೆ ಫೋನು ಕೈಗೆತ್ತಿಕೊಂಡೆ, ಯಾರಿಗೆ ಏನು ಹೇಳಬೇಕು ಎಂದು ತಿಳಿಯದೆ ಹಾಗೇ ಇಟ್ಟೆ. ಕೆಳಗೆ ಅಂಗಡಿಯವರು ಥಾನುಗಳನ್ನು ಸುತ್ತಿಡುತ್ತಿದ್ದರು.

ಇದಾಗಿ ಎರಡು ವರ್ಷ. ಇವತ್ತು ಮಧ್ಯಾಹ್ನ ರೀಚಾರ್ಜ್ ಮಾಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಸುಮ್ಮನೆ ನಡೆದೆ. ಭದ್ರಾವತಿಯ ಬಸ್ಸು ನಿಲ್ಲುವಲ್ಲಿ ವಾರ್ಡಿನಲ್ಲಿ ತೊಡುವ ನೀಲಿ ಕೋಟು ಮಡಚಿ ಕೈಮೇಲೆ ಹಾಕಿಕೊಂಡ ನಾಲ್ಕು ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ನಡುವಿನವಳು ಸೆಲ್ವಿ. ನನ್ನನ್ನು ನೋಡಿ ಓಡಿ ಬಂದು ಕೈ ಹಿಡಿದಳು. "ಚೆನ್ನಾಗಿದೀರಾ ಮೇಡಂ? ಊಟ ಆಯ್ತಾ?" ಎನ್ನುವಷ್ಟರಲ್ಲಿ ಜೊತೆಯವರು ಕೂಗಿದರು. "ಬಸ್ ಬಂತು, ಬರ್ತೀನಿ ಮೇಡಂ," ಎಂದು ಹತ್ತಿಬಿಟ್ಟಳು. ಕಿಟಕಿಯಲ್ಲಿ ಮತ್ತೆ ಅವಳ ಮುಖ ಕಾಣಿಸಲಿಲ್ಲ. ಸೀಟು ಆಚೆ ಬದಿಯಲ್ಲಿ ಸಿಕ್ಕಿರಬೇಕು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೂವಿನಾಕೆ ನನ್ನನ್ನೇ ನೋಡುತ್ತಿದ್ದಳು. "ಯಾರಮ್ಮ ಅವರು, ನಿಮ್ಮೋರಾ?" ಎಂದು ಕೇಳಿದಳು. ಅವಳಿಗೆ ಗಿರಾಕಿ ಇರಲಿಲ್ಲ, ನನಗೆ ಹೋಗಬೇಕಾದ ಊರಿರಲಿಲ್ಲ. ಎಷ್ಟು ಹೊತ್ತಾದರೂ ಕೇಳುವವಳಂತೆ ಅವಳು ಕಾಲು ನೀಡಿ ಕುಳಿತಿದ್ದಳು.

"ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ ಅವರದು," ಎಂದೆ. "ತುಂಬ ಚೆನ್ನಾಗಿ ಮಾಡ್ತಾರೆ."

ಅಷ್ಟೇ ಹೇಳಿ ಒಂದು ಮೊಳ ಮಲ್ಲಿಗೆ ಕೊಂಡು ಮನೆಯ ಕಡೆ ಹೊರಟೆ.