ಶರಬತ್ತಿನ ಮದರಸಾಬನ ಮೂಗು

ರೋಣದ ಬಸ್ ನಿಲ್ದಾಣದ ಎದುರು ಲಿಂಬೆ ಶರಬತ್ತು ಮಾರುವ ಮದರಸಾಬನಿಗಿಂತ ಅವನ ಮೂಗಿಗೆ ಗರ್ವ ಹೆಚ್ಚು. ಲಿಂಬೆ ಹಿಂಡುವ ಮೊದಲು ಅದರ ಸಿಪ್ಪೆಯನ್ನು ಕಲ್ಲುಸಕ್ಕರೆಯ ದೊಡ್ಡ ಗಟ್ಟಿಗೆ ತಿಕ್ಕುತ್ತಿದ್ದ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿದು, ಆ ಸಕ್ಕರೆ ನೀರಿಗೆ ಬಿದ್ದರೆ, ಗ್ಲಾಸು ಬಾಯಿಗೆ ಬರುವ ಮುಂಚೆಯೇ ಘಮ. ತಿಕ್ಕುವಾಗ ಕಣ್ಣು ಮುಚ್ಚುತ್ತಿದ್ದ. "ಕಣ್ಣಿಗೇನ್ ತಿಳಿತೈತ್ರಿ? ಮೂಗು ಸಾಕು ಅಂದಾಗ ಕೈ ನಿಲ್ಲಬೇಕು" ಎಂದು ನರೇಗಲ್ಲಿನ ಬಸ್ಸಿಗೆ ಓಡುವವರನ್ನೂ ತಡೆದು ಹೇಳುತ್ತಿದ್ದ. ಬಸ್ಸು ಹೋಗುತ್ತಿತ್ತು, ಉಪನ್ಯಾಸ ಮುಗಿಯುತ್ತಿರಲಿಲ್ಲ.

ಈ ಮೂಗನ್ನು ಒಪ್ಪದವರು ಹತ್ತಿ ದಲ್ಲಾಳಿಯ ಅಡತಿ ಅಂಗಡಿ ನಡೆಸುವ ಪ್ರಭುಲಿಂಗಪ್ಪ ಸಾವಕಾರರೊಬ್ಬರೇ. ಹತ್ತಿಯಿಂದ ಹಿಡಿದು ಬೀಗರೂಟದವರೆಗೆ ತೀರ್ಪು ಕೊಡುವುದು ತಮ್ಮ ಜನ್ಮಸಿದ್ಧ ಹಕ್ಕೆಂದು ತಿಳಿದವರು. ದಿನಾಲೂ ಬಂದು, ಗ್ಲಾಸು ಬರಿದು ಮಾಡಿ, "ಮೊದಲಿನಂಗಿಲ್ಲೋ ಮದರಸಾಬ" ಎನ್ನುತ್ತಿದ್ದರು. ಮೊದಲೂ ಅದನ್ನೇ ಅಂದಿದ್ದರು.

ಕಳೆದ ಮಳೆಗಾಲದ ಜ್ವರ ಮದರಸಾಬನನ್ನು ಬಿಟ್ಟಿತು, ವಾಸನೆಯನ್ನು ಒಯ್ದಿತು. ದವಾಖಾನೆಯವರು "ಬಂದ್ರ ಬರಬಹುದು" ಎಂದರು. ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಘಮ ಮಾತ್ರ ಇಲ್ಲ. ಹೆಂಡತಿ ಖಾಜಾಬಿಗೂ ಹೇಳಲಿಲ್ಲ. ಮೂಗಿನ ಮೇಲೇ ನಿಂತ ಅಂಗಡಿ. ಸುದ್ದಿ ಹೊರಬಿದ್ದರೆ ಯಾರು ಬಂದಾರು? ಮೊದಲಿನಂತೆಯೇ ಕಣ್ಣು ಮುಚ್ಚಿ ತಿಕ್ಕಿದ. ಸಾಕು ಎನ್ನುವವರೇ ಇಲ್ಲದ ಕೈ ಎಲ್ಲಿ ನಿಲ್ಲಬೇಕು? ಪರೀಕ್ಷೆಯ ಫಲಿತಾಂಶ ಹುಡುಕುವವನಂತೆ ಗಿರಾಕಿಗಳ ಮುಖ ಹುಡುಕುತ್ತಿದ್ದ. ಸಮಾಧಾನವೆಂದರೆ, ಸಾವಕಾರರು ಇನ್ನೂ "ಮೊದಲಿನಂಗಿಲ್ಲೋ" ಎನ್ನುತ್ತಿದ್ದರು. ಅಂದರೆ ಮೊದಲಿನಂತೆಯೇ ಇದೆ!

ಒಂದು ಮಧ್ಯಾಹ್ನ ಸಾವಕಾರರು ಒಂದು ಗುಟುಕು ಕುಡಿದು ತಡೆದರು. ತೀರ್ಪಿಗೆ ಕಾದು ನಿಂತಿದ್ದ ಮದರಸಾಬನ ಮುಖ ನೋಡಿದರು. ಉಳಿದದ್ದನ್ನು ಔಷಧದಂತೆ ಕುಡಿದು, "ಭಾಳ ಚಲೋ ಐತಿ" ಎಂದರು.

ಈ ಬಾಯಿಂದ ಹೊಗಳಿಕೆ! ಮದರಸಾಬ ಅವರಿಗೆ ಅಡ್ಡ ಬಂದು ನಿಂತ. "ಸಾವಕಾರ್ರ, ಖರೇ ಹೇಳ್ರಿ."

"ಚಲೋ ಐತಿ ಅಂದ್ನೆಲ್ಲೋ!" ಅವರು ಲಗುಬಗೆಯಿಂದ ಹೊರಟೇಬಿಟ್ಟರು.

ಮದರಸಾಬ ಅಂಗಡಿಯನ್ನು ಹಾಗೇ ಬಿಟ್ಟು, ಒಂದು ಗ್ಲಾಸು ಹಿಡಿದು ಮನೆಗೆ ಓಡಿದ. "ಮೂಸಿ ನೋಡು ಖಾಜಾಬಿ. ಜ್ವರ ಬಂದಾಗಿಂದ ನನಗ ವಾಸನಿನ ಹತ್ತವಲ್ದು."

ಅವಳು ಮೂಸಿದಳು. "ಯಾ ಅಲ್ಲಾ! ಇಂಗು ನಾರಾಕತ್ತೈತಿ. ಸಕ್ಕರಿ ಯಾ ಡಬ್ಬಿಯಾಗ ಇಟ್ಟಿದ್ರಿ?"

"ಗೂಡಿನ್ಯಾಗ ಖಾಲಿ ಇತ್ತಲ್ಲ, ಇವತ್ತ ಅದರಾಗ ಒಯ್ದೆ."

"ಅದು ಇಂಗಿನ ಡಬ್ಬಿ!"

ನಗಬೇಕಾದ ಮಾತು. ಖಾಜಾಬಿ ನಗಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಕುಳಿತ.

ಮರುದಿನ ಅಂಗಡಿ ತೆರೆಯಲಿಲ್ಲ. ಸಾವಕಾರರು ಮನೆಗೇ ಬಂದರು.

"ನೀವು ಬೈಬೇಕಾಗಿತ್ರಿ" ಎಂದ ಮದರಸಾಬ. "ನನ್ನ ಮೂಗು ಸತ್ತೈತಿ. ನೀವೂ ಚಲೋ ಅಂದ್ರ, ನಾ ಯಾರನ್ನ ನಂಬ್ಲಿ?"

"ನಿನ್ನ ಮಾರಿ ನೋಡಿ ಬೈಯಾಕ ಬಾಯಿ ಬರಲಿಲ್ಲೋ."

ಖಾಜಾಬಿ ಹೊಸ ಸಕ್ಕರೆಗೆ ಲಿಂಬೆ ತಿಕ್ಕಿ, ಗ್ಲಾಸು ತಂದಿಟ್ಟಳು. ಸಾವಕಾರರು ಕುಡಿದು ಗಂಟಲು ಸರಿಮಾಡಿಕೊಂಡರು. "ಸಿಪ್ಪಿ ಕಡಿಮಿ ಆತವ್ವಾ. ಮೊದಲಿನಂಗಿಲ್ಲ."

ಮದರಸಾಬ ತಲೆ ಎತ್ತಿದ. "ಇನ್ನೊಂದೀಟು ತಿಕ್ಕು" ಎಂದ ಹೆಂಡತಿಗೆ. ಆಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ತಿಕ್ಕಿ ಬಿಟ್ಟ ಲಿಂಬೆಯನ್ನು ಮೂಗಿಗೆ ಒತ್ತಿ ಕಣ್ಣು ಮುಚ್ಚಿದ. ಇಬ್ಬರೂ ನೋಡುತ್ತಿದ್ದರು. ಘಮ ಬಂದೀತೆಂದು ಕಾಯುತ್ತ, ಬಹಳ ಹೊತ್ತು ಅವನು ಕಣ್ಣು ತೆರೆಯಲಿಲ್ಲ.