ಮ್ಯಾವಿಸ್‌ಗೆ ಹೇಳ್ಬೇಡ

ಅರ್ವೊ ಲೆಹ್ಟಿನೆನ್ ಗುಡ್ಡದಿಂದ ನಡೆದು ಇಳಿದದ್ದನ್ನು ಟಾರ್ಬೆಟ್ ಊರಿನಲ್ಲಿ ಯಾರೂ ನೋಡಿಲ್ಲ. ಸೈಕಲ್ ಮೇಲೆ ಇಳಿಯುತ್ತಿದ್ದ, ಇಲ್ಲವೇ ಸೈಕಲ್‌ನಿಂದ ಬಿದ್ದು ಉರುಳಿಕೊಂಡು ಇಳಿಯುತ್ತಿದ್ದ. ಹೇಗೆ ಇಳಿದರೂ ಕೆಸರು ಅಷ್ಟೇ. ಅದನ್ನು ಒಗೆಯುತ್ತಿದ್ದವಳು ಅವನ ಹೆಂಡತಿ ಮ್ಯಾವಿಸ್.

ಊರು ವ್ಯಾಂಕೂವರ್ ದ್ವೀಪದ್ದು. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ನಡುವೆ ಸಾಮಿಲ್. ಅರ್ವೊ ಸಾಮಿಲ್‌ನಲ್ಲಿ ದಿಮ್ಮಿ ಸೀಳುತ್ತಿದ್ದ. ಪಕ್ಕದ ಯಂತ್ರದಲ್ಲಿ ಅವನ ಗೆಳೆಯ ಗಾರ್ನೆಟ್. ಇಬ್ಬರಿಗೂ ಹುಚ್ಚು ಹಿಡಿದದ್ದು ಒಂದೇ ಬೇಸಿಗೆಯಲ್ಲಿ. ಊರಿನ ಕಸದ ಗುಡ್ಡೆಯಲ್ಲಿ ಯಾರೋ ಬಿಸಾಡಿದ್ದ ಎರಡು ದಪ್ಪ ಟೈರಿನ ಸೈಕಲ್ ಸಿಕ್ಕವು. ಗೇರ್ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್. ಅವನ್ನು ಗಾರ್ನೆಟ್‌ನ ಲಾರಿಗೆ ಹಾಕಿಕೊಂಡು ಗುಡ್ಡದ ತುದಿಗೆ ಹೋಗುವುದು, ದಿಮ್ಮಿ ಸಾಗಿಸುವ ರಸ್ತೆಯಲ್ಲಿ ಜೀವದ ಆಸೆ ಬಿಟ್ಟು ಇಳಿಯುವುದು. ಕೆಳಗೆ ಬರುವಷ್ಟರಲ್ಲಿ ಹಿಂಚಕ್ರದ ನಡುವಿನ ಹಬ್‌ನಲ್ಲಿದ್ದ ಗ್ರೀಸ್ ಉರಿದು ಹೊಗೆ ಏಳುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೆ ಅರ್ವೊಗೆ ಕಂಡ ಜಾಗ ಅಡುಗೆಮನೆಯ ಮೇಜು.

“ಅದು ಸಕ್ಕರೆ ಚಮಚ ಕಣೋ,” ಎನ್ನುತ್ತಿದ್ದಳು ಮ್ಯಾವಿಸ್.

“ತೊಳೆದಿಡ್ತೀನಿ ಬಿಡೇ.”

“ಹೋದ ಸಲಾನೂ ತೊಳೆದಿಟ್ಟಿದ್ದೆ. ಪಾದ್ರಿಗಳು ಕಾಫಿ ಕುಡಿದು ಮುಖ ಹೆಂಗೆ ಮಾಡ್ಕೊಂಡ್ರು ನೋಡಿದ್ಯಾ?”

“ಕೀಲು ನೋವು ಅಂತಿದ್ರಲ್ಲ, ಗ್ರೀಸ್ ಒಳ್ಳೇದೇ.”

ಮುಂದೆ ಸೈಕಲ್‌ಗೆ ಗೇರ್ ಬಂತು. ಗೇರ್ ಸೋಮಾರಿಗಳಿಗೆ ಎಂದ ಅರ್ವೊ. ಮರುವರ್ಷ ಕೊಂಡ. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಬಂತು. ಸ್ಪ್ರಿಂಗ್ ಬೇಕಿದ್ದರೆ ಹಾಸಿಗೆ ಮೇಲೆ ಕೂತುಕೊಳ್ಳಲಿ ಎಂದ. ಅದನ್ನೂ ಕೊಂಡ. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಬಂದಾಗ ನಗಲು ಶುರುಮಾಡಿದವನು ಮ್ಯಾವಿಸ್ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಬ್ಯಾಟರಿ ಸೈಕಲ್ ಬಂದಾಗ ಬಾಯೇ ಬಿಡಲಿಲ್ಲ. ಅಷ್ಟರಲ್ಲಿ ಮೊಣಕಾಲು ಅವನಿಗಿಂತ ಮೊದಲೇ ಮಾತಾಡುತ್ತಿತ್ತು.

ಇವೆಲ್ಲದರ ನಡುವೆ ಹಲಗೆಯ ಕಾಲ ಬಂತು. ಆಗ ಸೈಕಲ್ ಹುಡುಗರಿಗೆ ನೆಲ ಸಾಲದಾಯಿತು. ಬಿದ್ದ ಸೀಡರ್ ಮರಗಳನ್ನು ಸೀಳಿ ಹಲಗೆ ಮಾಡಿ, ಏಣಿಯಂತೆ ಜೋಡಿಸಿ, ಜೌಗಿನ ಮೇಲೆ, ಬಂಡೆಯ ಮೇಲೆ, ಆಳೆತ್ತರದಲ್ಲಿ ಸೇತುವೆ ಕಟ್ಟುವುದು. ಅಂಗೈ ಅಗಲದ ಸೇತುವೆ. ಅದರ ಮೇಲೆ ಸೈಕಲ್. ಅರ್ವೊಗೆ ಇನ್ನೇನು ಬೇಕು? ಮರ ಸೀಳುವುದು ಅವನ ಹೊಟ್ಟೆಪಾಡು, ಬೀಳುವುದು ಅವನ ಹವ್ಯಾಸ. ಗುಡ್ಡದ ಹಿಂಬದಿಯಲ್ಲಿ, ಮರದ ಕಂಪನಿಯ ಜಾಗದಲ್ಲಿ, ಯಾರಿಗೂ ಹೇಳದೆ ಒಂದು ಹಾದಿ ಕಟ್ಟಲು ಕೂತ. ಮನೆಯಲ್ಲಿ ಅಣಬೆ ಹುಡುಕಲು ಹೋಗುತ್ತೇನೆ ಎನ್ನುತ್ತಿದ್ದ. ಅಣಬೆ ಮಾತ್ರ ಒಂದು ದಿನವೂ ಬರಲಿಲ್ಲ.

ಹಾದಿ ಕಟ್ಟಿದವನೇ ಹೆಸರಿಡಬೇಕು, ಅದು ಅಲ್ಲಿನ ಪದ್ಧತಿ. ಅರ್ವೊ ಇಟ್ಟ ಹೆಸರು ಮ್ಯಾವಿಸ್‌ಗೆ ಗೊತ್ತಾದದ್ದು ಬೇಕರಿಯಲ್ಲಿ. ಸೈಕಲ್ ಸಂಘದವರು ಗುಡ್ಡದ ನಕ್ಷೆ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಅವಳು ಬ್ರೆಡ್ಡಿಗೆ ಕಾಯುತ್ತ ಓದಿದಳು. ಒಂದು ಹಾದಿಯ ಕಪ್ಪು ಗೆರೆಯ ಪಕ್ಕದಲ್ಲಿ ಬರೆದಿತ್ತು: ‘ಮ್ಯಾವಿಸ್‌ಗೆ ಹೇಳ್ಬೇಡ’.

ಊರಿನಲ್ಲಿ ಬೇರೆ ಮ್ಯಾವಿಸ್ ಇರಲಿಲ್ಲ.

“ಅಣಬೆ ಸಿಕ್ತಾ?” ಎಂದು ಕೇಳಿದಳು ಮನೆಗೆ ಬಂದು.

ಅರ್ವೊ ಅವಳ ಕೈಯಲ್ಲಿದ್ದ ಬೇಕರಿ ಚೀಲ ನೋಡಿದ. ಅವನಿಗೆ ಅರ್ಥವಾಯಿತು. “ಹೆಸರು ಚೆನ್ನಾಗಿದೆ ಅಂತಾರೆ ಎಲ್ಲಾರೂ,” ಎಂದ.

“ಹೇಳ್ಬೇಡ ಅಂದ್ಮೇಲೆ ಹೇಳ್ಬೇಡ. ತೋರಿಸ್ಲೂಬೇಡ. ನಾನು ಆ ಕಡೆ ಕಾಲಿಡಲ್ಲ.”

ಅವಳು ಹಠಮಾರಿ. ಕಾಲಿಡಲೇ ಇಲ್ಲ. ಅವನು ವರ್ಷಕ್ಕೆ ಒಮ್ಮೆಯಾದರೂ ಕರೆಯುತ್ತಿದ್ದ. ಅವಳು ಒಗೆಯುವ ಬಟ್ಟೆ ತೋರಿಸುತ್ತಿದ್ದಳು.

ಇಷ್ಟೆಲ್ಲ ಬಿದ್ದವನು ಬಿದ್ದು ಸಾಯಲಿಲ್ಲ. ಹೋದ ಶರತ್ಕಾಲದಲ್ಲಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಒಂದು ಬಿಚ್ಚಿದ. ಇನ್ನೊಂದನ್ನು ಅವಳು ಬಿಚ್ಚಿದಳು.

ಚಳಿಗಾಲದಲ್ಲಿ ಹರ್ಲೀನ್ ಬಂದಳು. ಅರ್ವೊ ಜೊತೆ ಸಾಮಿಲ್‌ನಲ್ಲಿ ಕೆಲಸ ಮಾಡಿದ ಸರ್ದಾರ್ಜಿಯ ಮಗಳು. ಈಗ ಸೈಕಲ್ ಸಂಘಕ್ಕೆ ಅವಳೇ ಮುಖ್ಯಸ್ಥೆ. ಕೂತಳು, ಕಾಫಿ ಕುಡಿದಳು, ಎದ್ದಳು, ಮತ್ತೆ ಕೂತಳು.

“ಆಂಟಿ, ‘ಮ್ಯಾವಿಸ್‌ಗೆ ಹೇಳ್ಬೇಡ’ ವಿಷಯ ನಿಮ್ಗೆ ಹೇಳ್ಬೇಕಿತ್ತು.”

“ಈಗಾದ್ರೂ ಯಾರೋ ಹೇಳ್ತಿದ್ದೀರಲ್ಲ. ಹೇಳು.”

ಹಲಗೆಗಳೆಲ್ಲ ಕೊಳೆತಿದ್ದವು. ಯಾರಾದರೂ ಬಿದ್ದು ಸತ್ತರೆ ಎಂದು ಜಾಗದ ಒಡೆಯರಾದ ಕಂಪನಿಯವರು ಹೆದರಿದ್ದರು. ವಸಂತ ಮುಗಿಯುವುದರೊಳಗೆ ಹಲಗೆ ಕಿತ್ತು ಮಣ್ಣಿನ ಹಾದಿ ಮಾಡಿ, ಇಲ್ಲದಿದ್ದರೆ ಮುಚ್ಚಿಬಿಡುತ್ತೇವೆ ಎಂದಿದ್ದರು. ಆದರೆ ಒಬ್ಬರು ಕಟ್ಟಿದ ಹಾದಿಯನ್ನು ಅವರ ಅಪ್ಪಣೆಯಿಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಎಲ್ಲೂ ಬರೆದಿಲ್ಲ, ಆದರೂ ಆ ಗುಡ್ಡದಲ್ಲಿ ಅದನ್ನು ಮೀರಿದವರಿಲ್ಲ. ಕಟ್ಟಿದವನು ಸತ್ತಿದ್ದರೆ ಮನೆಯವರು ಹೂಂ ಅನ್ನಬೇಕು.

“ಊಹೂಂ,” ಎಂದಳು ಮ್ಯಾವಿಸ್.

“ಮುಚ್ಚಿದ್ರೆ ಕಾಡು ನುಂಗತ್ತೆ ಆಂಟಿ.”

“ನುಂಗ್ಲಿ. ಬೇರೆಯವ್ರ ಕೈ ಬೀಳೋದು ಬೇಡ.”

ಅವನ ಕೈಯ ಕೆಲಸವೆಂದು ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ. ಮನೆಯಲ್ಲಿ ಅವನು ಏನನ್ನೂ ಕಟ್ಟಿರಲಿಲ್ಲ. ಒಂದು ಸಲ ಕಪಾಟು ಮಾಡಲು ಹೊರಟಿದ್ದ. ಅದರ ಹಲಗೆಗಳೂ ಗುಡ್ಡಕ್ಕೇ ಹೋದವು.

ಸುದ್ದಿ ಮುಟ್ಟಿದ ಮರುದಿನವೇ ಗಾರ್ನೆಟ್ ಬಂದ. “ಒಳ್ಳೇ ಕೆಲ್ಸ ಮಾಡ್ದೆ ಮ್ಯಾವಿಸ್,” ಎಂದ. “ಈಗಿನವ್ರಿಗೆ ತೊಟ್ಟಿಲು ಥರ ಹಾದಿ ಬೇಕು. ಅಗಲಕ್ಕೆ, ನುಣ್ಣಗೆ. ಬ್ಯಾಟರಿ ಹಾಕ್ಕೊಂಡು ಹತ್ತೋದು, ತೂಗಿಸ್ಕೊಂಡು ಇಳಿಯೋದು. ಆ ಅರ್ವೊನ ತಿರುವು ಇದ್ಯಲ್ಲ, ಅದನ್ನ ನೋಡಿದ್ಯಾ?”

“ನಾನೆಲ್ಲಿ ನೋಡ್ಲಿ?”

“ನೋಡ್ಬೇಕು ನೀನು. ನೆಟ್ಟಗೆ ಹೋಗೋ ಹಾದಿ ಇದ್ದಕ್ಕಿದ್ದಂಗೆ ಎಡಕ್ಕೆ ಹೊರಳತ್ತೆ. ಬಂಡೆ ಇಲ್ಲ, ಮರ ಇಲ್ಲ. ಎಲ್ಲಾರೂ ಬೀಳ್ತಾರೆ ಅಲ್ಲಿ. ಏನು ತಲೆ ಓಡಿಸಿದ್ನೋ ಪುಣ್ಯಾತ್ಮ!”

ನೋಡಬೇಕು ಎಂದದ್ದು ಅವಳ ತಲೆಯಲ್ಲಿ ಉಳಿಯಿತು. ಬೇಡ ಎನ್ನುವ ಮೊದಲು ಏನನ್ನು ಬೇಡ ಎನ್ನುತ್ತಿದ್ದೇನೆ ಎಂದಾದರೂ ತಿಳಿಯಬೇಕಲ್ಲ. ಹಿಮ ಕರಗಿದ ಮೇಲೆ ಹರ್ಲೀನ್‌ಗೆ ಫೋನ್ ಮಾಡಿದಳು. ಗಾರ್ನೆಟ್ ಕರೆಯದಿದ್ದರೂ ಬಂದ.

ನಡೆದೇ ಹೋದರು. ಜರೀಗಿಡ ಎದೆಯೆತ್ತರಕ್ಕಿತ್ತು. ಹಲಗೆಗಳ ಮೇಲೆ ಪಾಚಿ. ಒಂದರ ಮೇಲೆ ಗಾರ್ನೆಟ್ ಕಾಲಿಟ್ಟ, ಕಾಲು ಒಳಗೆ ಹೋಯಿತು. “ಗಟ್ಟಿಯಾಗೇ ಇದೆ,” ಎಂದ, ಕಾಲು ಎಳೆದುಕೊಳ್ಳುತ್ತ.

ಆ ತಿರುವು ಬಂತು. ಗಾರ್ನೆಟ್ ಟೋಪಿ ತೆಗೆದ. ಮ್ಯಾವಿಸ್ ಅತ್ತ ನೋಡಿದಳು, ಇತ್ತ ನೋಡಿದಳು.

“ಇದು ಕಣಜದ ಹುಳ,” ಎಂದಳು.

“ಏನು?”

“ಅವ್ನು ಒಂದು ಬೇಸಿಗೇಲಿ ಮುಖ ಕುಂಬಳಕಾಯಿ ಥರ ಊದಿಸ್ಕೊಂಡು ಬಂದಿದ್ದ. ನೆಲದೊಳಗೆ ಕಣಜದ ಗೂಡಿತ್ತಂತೆ, ಗುದ್ದಲಿ ಹಾಕಿದ್ನಂತೆ. ‘ಇನ್ನು ಆ ಜಾಗ ಸುತ್ಕೊಂಡೇ ಹೋಗ್ತೀನಿ’ ಅಂದ. ನಾನು ಅಣಬೆ ಜಾಗ ಅಂದ್ಕೊಂಡೆ.”

ಹರ್ಲೀನ್ ನಗು ತಡೆಯಲಾಗದೆ ಬೆನ್ನು ತಿರುಗಿಸಿದಳು. ಗಾರ್ನೆಟ್ ಟೋಪಿ ಮತ್ತೆ ಹಾಕಿಕೊಂಡ. “ಅಲ್ಲಿ ನನ್ನ ಭುಜದ ಮೂಳೆ ಮುರೀತು,” ಎಂದ. “ಕೇಳಿದ್ದಕ್ಕೆ, ಅದರ ಗುಟ್ಟು ನಿಧಾನಕ್ಕೆ ತಿಳಿಯತ್ತೆ ಅಂದಿದ್ದ ಕಳ್ಳ!”

ಇನ್ನೂ ಕೆಳಗೆ ಇಳಿದಾಗ ಹರ್ಲೀನ್ ಹಾದಿ ಬಿಟ್ಟು ಪಕ್ಕದ ಜರೀಗಿಡಗಳನ್ನು ಸರಿಸಿದಳು. ಅಲ್ಲಿ ನೆಲದಲ್ಲಿ ಇನ್ನೊಂದು ಹಾದಿಯ ಗುರುತು. ಅದರಾಚೆ ಮತ್ತೊಂದು. ಮರಿಗಿಡಗಳು ಬೆಳೆದಿದ್ದರೂ ಕಡಿದ ಅಂಚು ಕಾಣುತ್ತಿತ್ತು.

“ಇವು ಯಾರದು?” ಎಂದಳು ಮ್ಯಾವಿಸ್.

“ಅಂಕಲ್‌ದೇ. ಮೊದಲು ನೆಲದಲ್ಲಿ ಮಾಡಿದ್ರು. ಸರಿಹೋಗ್ಲಿಲ್ಲ ಅಂತ ಮುಚ್ಚಿದ್ರು. ಆಮೇಲೆ ಈ ಎರಡನೇದು. ಅದನ್ನೂ ಕಿತ್ತು ಹಲಗೆ ಹಾಕಿದ್ರು. ಕೊನೇ ವರ್ಷ ಹಲಗೆನೂ ತೆಗೀಬೇಕು ಅಂತಿದ್ರು. ಮೊಣಕಾಲು ಬಿಡ್ಲಿಲ್ಲ.”

ಮ್ಯಾವಿಸ್ ಗಾರ್ನೆಟ್ ಕಡೆ ನೋಡಿದಳು. ಅವನು ಮರಗಳ ತುದಿ ನೋಡುತ್ತಿದ್ದ.

“ಅಂತಿದ್ನೇನೋ?”

“ಅಂತಿದ್ದ,” ಎಂದ ಗಾರ್ನೆಟ್. “ನಾನು ಬೇಡ ಅಂತಿದ್ದೆ.”

ಅವಳು ಕಡಿದ ಮರದ ಬುಡವೊಂದರ ಮೇಲೆ ಕೂತಳು. ಅವಳು ಕಾಪಾಡಲು ಹೊರಟ ಹಾದಿಯನ್ನು ಅರ್ವೊನೇ ಕಾಪಾಡಿರಲಿಲ್ಲ. ಬದುಕಿದ್ದಷ್ಟು ದಿನ ಅಗೆಯುತ್ತಲೇ ಇದ್ದ. ಬಿಟ್ಟಿದ್ದರೆ ಇಡೀ ಗುಡ್ಡವನ್ನೇ ತಿರುಗಿಸಿ ಇಡುತ್ತಿದ್ದ. ಅದನ್ನು ಈಗ ಇದ್ದ ಹಾಗೆ ನಿಲ್ಲಿಸಿದರೆ ಉಳಿಯುವುದು ಅವನ ಕೆಲಸವಲ್ಲ, ಅವನ ಮೊಣಕಾಲು ನೋವು.

“ತೆಗೀರಿ,” ಎಂದಳು.

ವಸಂತದ ಒಂದು ಶನಿವಾರ ಊರಿನ ಅರ್ಧ ಜನ ಸಲಿಕೆ, ಗುದ್ದಲಿ ಹಿಡಿದು ಬಂದರು. ಹಾದಿ ಕಟ್ಟಿದವನ ಮನೆಯವರೇ ಮೊದಲ ಹಲಗೆ ಕೀಳಬೇಕು ಎಂದು ಹರ್ಲೀನ್ ಹಾರೆಯನ್ನು ಮ್ಯಾವಿಸ್ ಕೈಗೆ ಕೊಟ್ಟಳು. ಅವಳು ಮೀಟಿದಳು. ಹಲಗೆ ಅಲುಗಲಿಲ್ಲ. ಗಾರ್ನೆಟ್ ಸೇರಿದ. ಅಲುಗಲಿಲ್ಲ. ಒಬ್ಬ ಗಡ್ಡದ ಯುವಕ ಕೆಳಗೆ ಬಗ್ಗಿ ನೋಡಿದ.

“ಅಯ್ಯೋ, ಒಂದೊಂದು ಹಲಗೆಗೆ ಹಿಡಿ ತುಂಬ ಮೊಳೆ ಹೊಡ್ದಿದ್ದಾನೆ! ಇವ್ನೇನು ಹಡಗು ಕಟ್ತಿದ್ನಾ?”

“ಮೇಲಿಂದಲೂ ಹೊಡ್ದಿದ್ದಾನೆ, ಕೆಳಗಿಂದಲೂ ಹೊಡ್ದಿದ್ದಾನೆ,” ಎಂದು ಇನ್ನೊಬ್ಬ ಕೂಗಿದ.

“ಪಾಪಿ ಮುದುಕ! ಹಲಗೆ ಪುಡಿಯಾಗಿದೆ, ಮೊಳೆ ಮಾತ್ರ ಬಿಡಲ್ಲ ಅಂತಿದೆ!”

ಹರ್ಲೀನ್ ಗಾಬರಿಯಾಗಿ ಅವರತ್ತ ಸುಮ್ಮನಿರಿ ಎಂದು ಕೈ ಮಾಡಿದಳು. ಮ್ಯಾವಿಸ್ ಅವಳ ಕೈ ಹಿಡಿದು ತಡೆದಳು. ಅವನನ್ನು ಹೂಳಿದ ದಿನದಿಂದ ಊರಿಗೆ ಊರೇ ಅವನನ್ನು ಹೊಗಳುತ್ತಿತ್ತು. ಒಳ್ಳೆಯವನು, ದೊಡ್ಡವನು, ಅಂಥವನು ಸಿಗುವುದಿಲ್ಲ. ಅವಳಿಗೆ ಅದು ಯಾರ ಬಗ್ಗೆಯೋ ಅನ್ನಿಸುತ್ತಿತ್ತು. ಎದುರಿಗೆ ಇದ್ದವನನ್ನು ಬೈದ ಹಾಗೆ ಬೈದವರು ಇವರೇ ಮೊದಲು.

ಹಾರೆಯನ್ನು ಮತ್ತೆ ಹಲಗೆಯ ಕೆಳಗೆ ತೂರಿಸಿದಳು. ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಪಾಪಿ ಮುದುಕ ಅಂದ್ರೆ ಸಾಲ್ದು,” ಎಂದಳು. “ನಾನು ಬೈತೀನಿ, ನೀವು ಮೀಟಿ.”