ದಿಂಬಿನಡಿಯ ಅಡಕತ್ತರಿ

ಇವತ್ತು ಕಲ್ಯಾಣದ ಬಜಾರಿನಲ್ಲಿ ಕಬ್ಬಿಣದ ಹಳೆಯ ಅಡಕತ್ತರಿಯೊಂದನ್ನು ಕೈಗೆತ್ತಿಕೊಂಡೆ. ಬೆರಳಿಗೆ ಹತ್ತಿದ ತುಕ್ಕಿನ ವಾಸನೆಗೆ ಡೊಂಬಿವಲಿಯ ನಮ್ಮ ಚಾಳಿನ ಮಧ್ಯಾಹ್ನಗಳು ನೆನಪಾದವು.

ಆಗೆಲ್ಲ ಮಧ್ಯಾಹ್ನ ಮಲಗಿದರೆ ನನಗೆ ಎಚ್ಚರವಾದರೂ ಮೈ ಅಲುಗುತ್ತಿರಲಿಲ್ಲ. ಎದೆಯ ಮೇಲೆ ಯಾರೋ ಕೂತಂಥ ಭಾರ. ಕೂಗಲು ಹೋದರೆ ದನಿಯೇ ಹೊರಡುತ್ತಿರಲಿಲ್ಲ. ಧಾರವಾಡದ ಕಡೆಯ ನನ್ನಜ್ಜಿ ತನ್ನ ಅಡಕತ್ತರಿಯನ್ನೇ ನನ್ನ ದಿಂಬಿನಡಿ ಇಟ್ಟಳು.

"ಕಬ್ಬಿಣ ಐತಿ, ಇನ್ನ ಏನೂ ಬರಂಗಿಲ್ಲ. ಮಲ್ಕೋ ಯವ್ವಾ."

ಅದು ಬರುವುದೇನೂ ನಿಲ್ಲಲಿಲ್ಲ. ಆದರೆ ಊಟವಾಗಿ ಅರ್ಧ ತಾಸಿಗೆಲ್ಲ ಅಜ್ಜಿಗೆ ಅಡಿಕೆ ಬೇಕೇ ಬೇಕು. ಅಡಕತ್ತರಿ ತೆಗೆಯಲು ಮೆಲ್ಲಗೆ ದಿಂಬಿನಡಿ ಕೈ ಹಾಕುತ್ತಿದ್ದಳು. ಆ ಒರಟು ಕೈ ಕೆನ್ನೆಗೆ ತಾಗಿದ್ದೇ ತಡ, ನನ್ನ ಮೈ ಸಡಿಲವಾಗುತ್ತಿತ್ತು.

"ಎದ್ದಿಯೇನ? ನಾ ಏನೂ ತಗೊಂಡಿಲ್ಲ!" ಎಂದು ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಗುತ್ತಿದ್ದಳು.

ನಿನ್ನೆ ನನ್ನ ಮಗಳು ನಿದ್ದೆಯಿಂದ ಎದ್ದು ಕೂತು, "ಮಮ್ಮಿ, ಬಾಡಿ ಹಿಲ್ ಹೀ ನಹೀ ರಹೀ ಥೀ," ಎಂದಳು. ಅವಳ ಮೈಯೂ ಅಲುಗಲಿಲ್ಲವಂತೆ.

ಅವಳ ದಿಂಬಿನಡಿಗೆಂದು ಅಡಕತ್ತರಿ ಕೊಂಡೆ. ನಮ್ಮ ಮನೆಯಲ್ಲಿ ಈಗ ಅಡಿಕೆ ತಿನ್ನುವವರೇ ಇಲ್ಲ. ಸ್ವಲ್ಪ ಯೋಚಿಸಿ, ನನಗೆಂದು ನಾಲ್ಕು ಅಡಿಕೆಯನ್ನೂ ಕಟ್ಟಿಸಿಕೊಂಡೆ.